ಪುರುಡಿನಲ್ಲಿ ಹಾಕಿದ ವೋಟು

"ಇಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಯೇ?" ಎಂದು ನ್ಯಾಯಮೂರ್ತಿಗಳು ಕೇಳಿದಾಗ ನಾನು ಹಿಂದಿನ ಸಾಲಿನಲ್ಲಿ ಕುಳಿತು ಮಧ್ಯಾಹ್ನದ ಊಟದ ಧ್ಯಾನದಲ್ಲಿದ್ದೆ. ಪಕ್ಕದಲ್ಲಿದ್ದ ಸೀನಿಯರ್ ಮೊಣಕೈಯಿಂದ ತಿವಿದರು. ತಿವಿದ ರಭಸಕ್ಕೆ ನಾನು ಎದ್ದು ನಿಂತೆ. ಎದ್ದು ನಿಂತದ್ದೇ ಒಪ್ಪಿಗೆ ಎಂದಾಯಿತು.

ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ನಮ್ಮ ಹೈಕೋರ್ಟಿನಲ್ಲಿ ಕನ್ನಡಕ್ಕೆ ಕೊರತೆಯಿರಲಿಲ್ಲ. ರಾಜ್ಯಗಳ ಗಡಿ ಬದಲಾದ ಮೇಲೆ ಆ ಮೊಕದ್ದಮೆಗಳೂ ಹೋದವು, ಅವುಗಳ ಜೊತೆ ಭಾಷಾಂತರಕಾರರೂ ಹೋದರು. ಅರವತ್ತರ ದಶಕದ ನಡುವಿಗೆ ಉಳಿದವರು ನಮ್ಮಂಥವರು, ತಿರುವಲ್ಲಿಕ್ಕೇಣಿಯ ಮನೆಗಳಲ್ಲಿ ಅಜ್ಜಿಯ ಜೊತೆ ಮಾತ್ರ ಕನ್ನಡವಾಡಿ ಬೀದಿಗಿಳಿದರೆ ತಮಿಳಾಗುವವರು. ಆದರೂ ನನ್ನ ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಆ ಜಂಬ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಮೊಕದ್ದಮೆ ಹದಿಮೂರು ವರ್ಷದ ಒಬ್ಬ ಹುಡುಗಿಯದು. ಅವಳ ತಂದೆ ಕೊಲಂಬೊದ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ತಾಯಿ ಅವಳು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ತಂದೆಯೂ ಹೋದ ಮೇಲೆ ಹುಡುಗಿ ಸಿಲೋನಿನ ಪಾಸ್‌ಪೋರ್ಟಿನಲ್ಲಿ ವೀಸಾ ಹಾಕಿಸಿಕೊಂಡು ಮದ್ರಾಸಿಗೆ, ತಾಯಿಯ ತಾಯಿಯ ಮನೆಗೆ ಬಂದಳು. ವೀಸಾ ಮುಗಿಯಿತು. ದೇಶ ಬಿಟ್ಟು ಹೋಗಬೇಕೆಂದು ಸರ್ಕಾರದ ಆಜ್ಞೆ ಬಂತು. ಕೊಲಂಬೊದಲ್ಲಿ ಅವಳಿಗೆ ಅನ್ನ ಹಾಕುವವರು ಯಾರೂ ಉಳಿದಿರಲಿಲ್ಲ.

ಅಜ್ಜಿಯ ವಾದ ಒಂದೇ: ಹುಡುಗಿ ಹುಟ್ಟಿದ್ದು ಇಲ್ಲಿ, ನನ್ನ ಮನೆಯಲ್ಲಿ, ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಾಗ. ಸಂವಿಧಾನ ಜಾರಿಯಾದ ಮೇಲೆ ಈ ನೆಲದಲ್ಲಿ ಹುಟ್ಟಿದ ಮಗು ಈ ದೇಶದ ಪ್ರಜೆ ಎಂದು ಕಾನೂನು ಹೇಳುತ್ತಿತ್ತು. ಆದರೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಕೊಲಂಬೊ ಎಂದಿತ್ತು. ಇಲ್ಲಿ ಮನೆಯಲ್ಲಾದ ಹೆರಿಗೆಯನ್ನು ಯಾರೂ ಹೋಗಿ ಬರೆಸಿರಲಿಲ್ಲ.

"ಇದು ವಿವಾದದ ಸಂಗತಿ, ಸಿವಿಲ್ ಕೋರ್ಟಿಗೆ ಹೋಗಲಿ" ಎಂದರು ಸರ್ಕಾರದ ವಕೀಲರು.

"ಹೋಗಬಹುದು. ಆ ದಾವೆ ಮುಗಿಯುವಷ್ಟರಲ್ಲಿ ಈ ಹುಡುಗಿಯೇ ಅಜ್ಜಿಯಾಗಿರುತ್ತಾಳೆ" ಎಂದರು ನ್ಯಾಯಮೂರ್ತಿಗಳು. ಅಜ್ಜಿ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಅವರ ಮನೆಗೇ ಹೋಗಿ ಸಾಕ್ಷ್ಯ ಬರೆದುಕೊಂಡು ಬರಲು ನನ್ನನ್ನು ಕಮಿಷನರ್ ಆಗಿ ನೇಮಿಸಿದರು. ತೀರ್ಪು ಅವರದು, ಬರವಣಿಗೆ ನನ್ನದು. ಅಜ್ಜಿಗೆ ಕನ್ನಡ ಬಿಟ್ಟರೆ ಅರೆಬರೆ ತಮಿಳು ಮಾತ್ರ ಬರುತ್ತಿತ್ತು.

ಚಿಂತಾದ್ರಿಪೇಟೆಯ ಆ ಬೀದಿ ಕನ್ನಡದ ನೇಕಾರರದು. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು. ಮಗ್ಗಗಳು ಕಡಿಮೆಯಾಗುತ್ತಾ ಬಂದಂತೆ ಗಂಡುಮಕ್ಕಳು ಜವಳಿ ಅಂಗಡಿಗಳ ಕೆಲಸ ಹಿಡಿದು ಕೊಲಂಬೊ ಸೇರಿದ್ದರು. ನಾನು ಕಪ್ಪು ಕೋಟು ಹಾಕಿಕೊಂಡು, ಸರ್ಕಾರಿ ವಕೀಲರ ಜೂನಿಯರ್ ಮತ್ತು ಹುಡುಗಿಯ ವಕೀಲರ ಜೊತೆ ಬೀದಿಗೆ ಕಾಲಿಟ್ಟೆ. ಗಂಜಿ ಹಾಕಿದ ನೂಲು ಒಣಗಿಸುತ್ತಿದ್ದ ಹೆಂಗಸರು ನೂಲು ಬಿಟ್ಟು ಒಳಗೆ ಹೋದರು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಅಜ್ಜಿಯ ಎದುರು ಮನೆಯ ಜಗುಲಿಯಲ್ಲಿ ಮಾತ್ರ ಒಬ್ಬರು ಕುಳಿತಿದ್ದರು. ಬೀದಿಯಲ್ಲಿ ನಾಲ್ಕು ಮಗ್ಗ ಉಳಿಸಿಕೊಂಡಿದ್ದವರು ಅವರೊಬ್ಬರೇ, ಹಾಗಾಗಿ ಎಲ್ಲರಿಗೂ ಅವರು ಯಜಮಾನರು.

"ತಿರುವಲ್ಲಿಕ್ಕೇಣಿ ಹುಡ್ಗ ಅಲ್ವಾ ನೀನು? ಕನ್ನಡ ಚೆನ್ನಾಗೇ ಮಾತಾಡ್ತೀಯಂತೆ," ಎಂದರು. "ಆದ್ರೆ ಬರಿಯೋದು ಇಂಗ್ಲೀಷ್‌ನಲ್ಲಿ. ಹೋದ ವರ್ಸ ಕೊಲಂಬೊದಿಂದ ಬಂದಿದ್ದ ಈ ಬೀದಿ ಹುಡ್ಗ ಒಬ್ಬ, ಇನ್ನೂ ಆರು ತಿಂಗ್ಳು ಇರೋಕೆ ಅರ್ಜಿ ಅಂದ್ಕೊಂಡು ಯಾವುದೋ ಆಫೀಸ್ನಲ್ಲಿ ಹೆಬ್ಬೆಟ್ಟಿನ ಕೈನಾಟು ಹಾಕ್ದ. ಅದು ನಾನಾಗೇ ಹೋಗ್ತೀನಿ ಅಂತ ಬರ್ಕೊಟ್ಟಿದ್ದಂತೆ. ಹಡಗು ಹತ್ತಿಸ್ಬಿಟ್ರು."

"ಅದು ಯಾವುದೋ ಆಫೀಸು ಯಜಮಾನರೇ, ಇದು ಹೈಕೋರ್ಟು" ಎಂದೆ.

"ನಿಮ್ಮ ಹೈಕೋರ್ಟು ಎಲ್ಲೈತೆ? ಕೋಟೆ ಪಕ್ಕದಲ್ಲೇ ತಾನೆ? ಕೋಟೇಲಿ ಸರ್ಕಾರ ಕೂತೈತೆ. ತೀರ್ಪು ಅಲ್ಲಿಂದ ಇಲ್ಲಿಗೆ ನಡ್ಕೊಂಡೇ ಬರುತ್ತೆ, ಬಸ್ ಚಾರ್ಜೂ ಬೇಡ."

ನನಗೆ ಸಿಟ್ಟು ಬಂತು. ನಗುವೂ ಬಂತು, ಅದನ್ನು ನುಂಗಿಕೊಂಡೆ.

ಅಜ್ಜಿ ಒಳಗೆ ಬೆಂಚಿನ ಮೇಲೆ ದಿಂಬಿಗೆ ಒರಗಿದ್ದರು. ಪ್ರಮಾಣ ಮಾಡಿಸಿದೆ. ಹುಡುಗಿಯ ವಕೀಲರು ತಮಿಳಿನಲ್ಲಿ ಕೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಅಜ್ಜಿ ಹೇಳುವುದು, ಅದನ್ನು ನಾನು ಇಂಗ್ಲಿಷಿನಲ್ಲಿ ಬರೆಯುವುದು. ಪದ್ಧತಿ ಅದೇ. ಕೊನೆಯಲ್ಲಿ ಅರ್ಥ ವಿವರಿಸಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಅಜ್ಜಿ ಮಗಳು ರೈಲು ಇಳಿದು ಬಂದದ್ದರಿಂದ ಶುರುಮಾಡಿ, ಯಾವ ಹಣ್ಣು ಕೇಳಿದಳು, ಯಾವ ಮಗ್ಗುಲಲ್ಲಿ ಮಲಗುತ್ತಿದ್ದಳು ಎಂಬಲ್ಲಿಯವರೆಗೆ ಹೇಳಿದರು. ನಾನು ಎರಡು ಸಾಲು ಬರೆದೆ.

ಅಜ್ಜಿ ನನ್ನ ಕಾಗದವನ್ನು ದಿಟ್ಟಿಸಿದರು. "ನಾನು ಇಷ್ಟುದ್ದ ಹೇಳ್ದೆ. ನೀನು ಇಷ್ಟೇ ಇಷ್ಟು ಬರೆದೆಯಲ್ಲಪ್ಪಾ?"

"ಬೇಕಾದದ್ದು ಬರೆದಿದ್ದೀನಿ ಅಜ್ಜಿ."

"ಯಾರಿಗೆ ಬೇಕಾದ್ದು?"

ಅಜ್ಜಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಗೋಡೆಯ ಕಡೆ ತಿರುಗಿದರು. ಮೊದಲ ದಿನದ ಕಮಿಷನ್ ಅಲ್ಲಿಗೆ ಮುಗಿಯಿತು. ನಾನು ಚೀಲ ಮುಚ್ಚಿಕೊಂಡು ಗೊಣಗುತ್ತಾ ಹೊರಟಾಗ ಬಾಗಿಲ ಬಳಿ ಹುಡುಗಿ ನಿಂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ತಮಿಳು. "ಸಾರ್, ನಾನ್ ನಿಜಮಾ ಇಂಗೇದಾನ್ ಪೊರಂದೇನಾ?" ಎಂದು ಕೇಳಿದಳು. ನಾನು ನಿಜವಾಗಿಯೂ ಇಲ್ಲೇ ಹುಟ್ಟಿದ್ದಾ ಎಂದು. ತನ್ನ ಹುಟ್ಟೂರು ಕೊಲಂಬೊ ಎಂದೇ ಅವಳು ಅಷ್ಟು ವರ್ಷ ನಂಬಿದ್ದಳು. ಅಪ್ಪ ಹೇಳಿದ್ದು ಅದನ್ನೇ.

ಅಪ್ಪ ಯಾಕೆ ಹಾಗೆ ಹೇಳಿದ ಎಂಬುದು ಆ ಬೀದಿಯ ರೀತಿ ಗೊತ್ತಿಲ್ಲದವರಿಗೆ ತಿಳಿಯುವಂಥದ್ದಲ್ಲ. ಹೆರಿಗೆ ತವರಿನಲ್ಲಾದರೂ ಅವರ ಲೆಕ್ಕದಲ್ಲಿ ಮಗು ಅಪ್ಪನ ಮನೆಯದು. ಬಾಣಂತನ ಮುಗಿಸಿ ಕೊಲಂಬೊಗೆ ಹೋದ ಮೇಲೆ ಅಲ್ಲಿ ಹೆಸರಿಟ್ಟು, ಅಲ್ಲೇ ಹುಟ್ಟಿತೆಂದು ಬರೆಸುವುದು ಸುಳ್ಳು ಎಂದು ಅವರಿಗೆ ಅನ್ನಿಸಿರಲೇ ಇಲ್ಲ.

ಮರುದಿನ ಸೀನಿಯರ್ ಮುಂದೆ ಅಲವತ್ತುಕೊಂಡೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಆ ಮುದುಕಿ ಕೇಳಿದ್ದರಲ್ಲಿ ತಪ್ಪೇನಿದೆ? ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ನೀನು ಸಹಿ ಹಾಕುತ್ತೀಯಾ?" ಎಂದರು.

ಎರಡನೆಯ ಸಲ ಹೋದಾಗ ನಾನು ಒಂದು ತೀರ್ಮಾನ ಮಾಡಿಕೊಂಡಿದ್ದೆ. ಸಾಕ್ಷಿ ಹೇಳಿದ್ದನ್ನು ಮೊದಲು ಕನ್ನಡದಲ್ಲೇ, ಅವರ ಮಾತಿನಲ್ಲೇ ಬರೆಯುವುದು. ಒಂದೊಂದು ಉತ್ತರ ಮುಗಿದಾಗಲೂ ಗಟ್ಟಿಯಾಗಿ ಓದುವುದು. ಇಂಗ್ಲಿಷ್ ಆಮೇಲೆ, ಎರಡನ್ನೂ ಕೋರ್ಟಿಗೆ ಒಪ್ಪಿಸುವುದು. ಬಾಗಿಲು, ಕಿಟಕಿ ತೆರೆದಿಡುವುದು. ಸರ್ಕಾರಿ ಜೂನಿಯರ್ ಒಳ್ಳೆಯ ಹುಡುಗನೇ, ಆದರೆ ನಿಯಮ ಬಿಟ್ಟು ಅತ್ತಿತ್ತ ಹೋಗುವವನಲ್ಲ. ಹೀಗೆ ಮಾಡಿದರೆ ಕೆಲಸ ಎರಡರಷ್ಟಾಗುತ್ತದೆ ಎಂದ. "ನನ್ನ ಕೈ ತಾನೆ ನೋಯುವುದು" ಎಂದೆ. ತನ್ನ ಆಕ್ಷೇಪಣೆ ಬರೆದುಕೊಳ್ಳಿ ಎಂದ. ಅದನ್ನೂ ಬರೆದು ಕನ್ನಡದಲ್ಲಿ ಓದಿದೆ. ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ಆಗಲೇ ಗೊತ್ತಾಗಿದ್ದು, ಬೀದಿಯ ಅರ್ಧ ಜನ ಅಲ್ಲಿ ನಿಂತಿದ್ದಾರೆಂದು.

ಅಜ್ಜಿ ಓದಿಸಿ ಕೇಳಿದರು. ಎರಡು ಕಡೆ ತಿದ್ದಿಸಿದರು. ಕೊನೆಗೆ ಹೆಬ್ಬೆಟ್ಟು ಒತ್ತಿದರು. ನನಗೆ ಆ ದಿನ ಆದ ಸಂತೋಷ ಆಮೇಲೆ ದೊಡ್ಡ ದಾವೆಗಳನ್ನು ಗೆದ್ದಾಗಲೂ ಆಗಿಲ್ಲ.

ಆದರೆ ಅಜ್ಜಿ ಮೊಮ್ಮಗಳಿಗಾಗಿ ಹೇಳುವವರು. ಮನೆಯ ಹೊರಗಿನವರೊಬ್ಬರು ಬೇಕಾಗಿತ್ತು. "ಕೂಸಿಗೆ ದಿನಾ ನೀರು ಎರೆದಿದ್ದು ಎದುರು ಮನೆಯವಳು" ಎಂದು ಅಜ್ಜಿಯೇ ಹೇಳಿದ್ದರು. ಅಂದರೆ ಯಜಮಾನರ ಹೆಂಡತಿ. ಹೆರಿಗೆಯ ಹೊತ್ತಿನಲ್ಲಿ ಒಳಗಿದ್ದವರಲ್ಲಿ ಬದುಕಿದ್ದ ಹೊರಗಿನವರು ಅವರೊಬ್ಬರೇ. ಸಮನ್ಸ್ ಕೊಡಲು ಹೋದವನಿಗೆ ಯಜಮಾನರು ಬಾಗಿಲು ತೆಗೆಯಲಿಲ್ಲ.

ನಾನೇ ಹೋದೆ. ಯಜಮಾನರು ಮಗ್ಗದ ಮುಂದೆ ಕುಳಿತು ಲಾಳಿ ಎಸೆಯುತ್ತಲೇ ಇದ್ದರು. ನನ್ನ ಮಾತು ಕೇಳಿಸದಷ್ಟು ಜೋರಾಗಿ. ಅವರ ಹೆಂಡತಿ ಕಾಫಿ ತಂದಿಟ್ಟು, ನಾನು ಲೋಟ ಎತ್ತುವವರೆಗೆ ಕಾದು, ಗಂಡನ ಕಡೆ ಒಮ್ಮೆ ನೋಡಿ ಹೇಳಿದರು.

"ಆ ಮಗು ಇಲ್ಲೇ ಇರ್ಲಿ ಅಂತ ನಂಗಿಲ್ವಾ? ನನ್ನ ಕೈಮೇಲೆ ಎರಕೊಂಡ ಕೂಸು ಅದು. ಆದ್ರೆ ನನ್ನ ಮಗ್ಳೂ ಕೊಲಂಬೊನಲ್ಲೇ ಇದ್ದಾಳೆ. ಅವ್ಳ ಚೊಚ್ಚಲೂ ಈ ಮನೇಲೇ ಆಗಿದ್ದು. ಅಲ್ಲಿ ಬರ್ಸಿರೋದು ಅಲ್ಲೇ ಹುಟ್ತು ಅಂತ. ನಾನು ಸಾಕ್ಷಿ ಹೇಳ್ತೀನಿ, ನಿಮ್ಮ ಸರ್ಕಾರದ ಹುಡ್ಗ ನಿನ್ನ ಮಗಳದು ಎಲ್ಲಾಯ್ತು ಅಂತ ಕೇಳ್ತಾನೆ. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳ್ಲಾ? ನಿಜ ಹೇಳಿದ್ರೆ ಅದು ಅಲ್ಲಿಗೆ ಮುಟ್ಟುತ್ತೆ. ಅಲ್ಲಿ ನನ್ನ ಮೊಮ್ಮಗನ್ನ ಹೊರಗೆ ಹಾಕ್ತಾರೆ. ಒಂದು ಮಗುನ ಉಳಿಸೋಕೆ ಇನ್ನೊಂದನ್ನ ಮುಳುಗಿಸು ಅಂತೀರಾ?"

ಲಾಳಿ ನಿಂತಿತ್ತು. ಯಜಮಾನರು ತಲೆ ಎತ್ತಲಿಲ್ಲ.

ಅಷ್ಟು ದಿನ ಆ ಬೀದಿಯ ಮೌನವನ್ನು ನಾನು ಅಜ್ಞಾನವೆಂದೇ ತಿಳಿದಿದ್ದೆ. ಅದು ಅಜ್ಞಾನವಲ್ಲ, ಚೆನ್ನಾಗಿ ಯೋಚಿಸಿ ಹಿಡಿದ ದಾರಿ. ಕಾಫಿ ಆರಿಹೋಯಿತು. ಎದ್ದು ಬಂದೆ.

ಕಮಿಷನರ್ ಆದವನಿಗೆ ಪ್ರಶ್ನೆಗಳನ್ನು ತಡೆಯುವ ಅಧಿಕಾರವಿಲ್ಲ. ಕೇಳಿದ್ದನ್ನೂ ಹೇಳಿದ್ದನ್ನೂ ಬರೆಯಬೇಕು, ಅಷ್ಟೆ. ಆ ಅಧಿಕಾರ ಇರುವುದು ನ್ಯಾಯಮೂರ್ತಿಗಳಿಗೆ. ಎರಡು ದಿನ ಮರೀನಾದ ಮರಳಿನಲ್ಲಿ ಅಡ್ಡಾಡಿದೆ. ಕಮಿಷನ್ ಬೇಡವೆಂದು ಬರೆದುಕೊಟ್ಟರೆ ನನ್ನ ತಲೆನೋವು ಮುಗಿಯುತ್ತಿತ್ತು, ಹುಡುಗಿಯ ದಾರಿಯೂ ಮುಚ್ಚುತ್ತಿತ್ತು. ಕೊನೆಗೆ ಕೋರ್ಟಿನ ಸೂಚನೆ ಕೋರಿ ಒಂದು ಪುಟದ ವರದಿ ಬರೆದೆ. ಯಾರ ಹೆಸರನ್ನೂ ಹಾಕಲಿಲ್ಲ. ಈ ಮೊಕದ್ದಮೆಗೆ ಸೇರದ ಮಕ್ಕಳ ವಿಷಯ ದಾಖಲೆಗೆ ಬರುತ್ತದೆಂಬ ಭಯದಿಂದ ಸಾಕ್ಷಿಗಳು ಬಾಯಿ ಬಿಡುತ್ತಿಲ್ಲ, ಏನು ಮಾಡಲಿ ಎಂದಷ್ಟೇ ಕೇಳಿದೆ. ಜೂನಿಯರ್ ವಕೀಲನೊಬ್ಬ ನ್ಯಾಯಮೂರ್ತಿಗಳಿಗೆ ಹಾಗೆ ಬರೆಯುವುದು ಅಧಿಕಪ್ರಸಂಗ ಎಂದು ವಕೀಲರ ಗ್ರಂಥಾಲಯದಲ್ಲಿ ಕೆಲವರು ಅಂದರು.

ನ್ಯಾಯಮೂರ್ತಿಗಳು ವರದಿಯನ್ನು ಓದಿ, ಕನ್ನಡಕ ತೆಗೆದು ಸರ್ಕಾರಿ ವಕೀಲರನ್ನು ನೋಡಿದರು. "ನಾನು ತೀರ್ಮಾನಿಸಬೇಕಾದದ್ದು ಒಂದು ಮಗುವಿನ ಹುಟ್ಟು. ಬೀದಿಯ ಜನಗಣತಿ ಅಲ್ಲ" ಎಂದರು. ಅಲ್ಲೇ ಆಜ್ಞೆ ಬರೆಸಿದರು: ಮೊಕದ್ದಮೆಗೆ ಸೇರದ ಯಾರ ಹುಟ್ಟಿನ ಬಗ್ಗೆಯೂ ಪ್ರಶ್ನೆ ಕೇಳಕೂಡದು, ಕೇಳಿದರೂ ಕಮಿಷನರ್ ಬರೆಯಕೂಡದು. ಸರ್ಕಾರಿ ವಕೀಲರು ಪ್ರತಿಭಟಿಸಿದರು. ನ್ಯಾಯಮೂರ್ತಿಗಳು ಅದನ್ನು ಕೇಳಿಸಿಕೊಂಡು ಮುಂದಿನ ಮೊಕದ್ದಮೆಯನ್ನು ಕರೆಸಿದರು.

ಆ ಆಜ್ಞೆಯ ನಕಲು ಪಡೆದು, ಕನ್ನಡ ಮಾಡಿ, ಬೀದಿಯ ಕೊಳಾಯಿ ಕಟ್ಟೆಯ ಬಳಿ ನಿಂತು ಓದಿದೆ. ಕೊಡ ಇಟ್ಟು ನಿಂತ ಹೆಂಗಸರು ಕೇಳಿದರು. ಯಜಮಾನರೂ ಕೇಳಿದರು.

"ಓದಿದ್ದು ಚೆನ್ನಾಗೈತೆ," ಎಂದರು. "ನಡೀತದಾ ಅಂತ ನೋಡ್ಬೇಕು."

ಆದರೂ ಹೆಂಡತಿಯನ್ನು ಕಳಿಸಿದರು. ತಾವು ಮಾತ್ರ ಅಜ್ಜಿಯ ಮನೆಯ ಬಾಗಿಲಿಗೆ ಒರಗಿ ನಿಂತರು, ಬೇಕಾದರೆ ಆ ಕ್ಷಣವೇ ಹೆಂಡತಿಯನ್ನು ಕರೆದುಕೊಂಡು ಹೋಗುವವರ ಹಾಗೆ.

ಆಕೆ ಚೆನ್ನಾಗಿ ಹೇಳಿದರು. ಒಳಗಿನ ಕೋಣೆ, ಸೂಲಗಿತ್ತಿ, ಕಾಯಿಸಿದ ನೀರು. ಹುಡುಗಿಯ ವಕೀಲರು ಕೇಳಿದರು: "ಅದು ಯಾವ ವರ್ಷ ಅಂತ ಹೇಗೆ ಹೇಳ್ತೀರಿ?" ಇಡೀ ಮೊಕದ್ದಮೆಯ ಜೀವ ಅಲ್ಲಿತ್ತು. ಸಂವಿಧಾನಕ್ಕೆ ಮುಂಚೆಯೋ ಆಮೇಲೆಯೋ?

"ವರ್ಸ ಎಲ್ಲ ನಂಗೊತ್ತಿಲ್ಲ. ಮೊದಲ್ನೇ ಸಲ ನಾವೆಲ್ಲ ವೋಟು ಹಾಕಿದ್ವಲ್ಲ, ಆವಾಗ."

"ಅಷ್ಟು ಖಚಿತವಾಗಿ?"

ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಬೆಂಚಿನ ಮೇಲಿರೋ ಈ ಅವ್ವನಿಗೆ ಪುರುಡು, ಹೆರಿಗೆ ಮನೆ ಮೈಲಿಗೆ. ಕೂಸು ಹುಟ್ಟಿ ಇನ್ನೂ ಹತ್ತು ದಿನ ಆಗಿರ್ಲಿಲ್ಲ. ಮನೇಲೇ ಇರು ಅಂದ್ವಿ. ಕೇಳ್ಲಿಲ್ಲ. ನನ್ನ ಗಂಡ ಇದ್ದಿದ್ರೆ ಎರಡು ವೋಟು ಹಾಕ್ತಿದ್ವಿ, ಇರೋ ಒಂದನ್ನ ಬಿಡಲ್ಲ ಅಂದ್ಲು. ಸಾಲ್ನಲ್ಲಿ ಯಾರನ್ನೂ ಮುಟ್ಟದೆ ಒಂದು ಮಾರು ದೂರ ನಿಂತ್ಲು. ಒಳಗೆ ಆಫೀಸರ್ರು ಬೆರಳಿಗೆ ಶಾಯಿ ಹಚ್ಚೋಕೆ ಕೈ ಹಿಡಿಯಕ್ಕೆ ಬಂದ್ರು. 'ಮುಟ್ಟಬೇಡಪ್ಪಾ, ಮನೇಲಿ ಮೊಮ್ಮಗಳು ಹುಟ್ಟಿದಾಳೆ, ಪುರುಡು!' ಅಂತ ಕೂಗಿದ್ಲು. ಆ ಪುಣ್ಯಾತ್ಮ ಹೆದರ್ಕೊಂಡು ಕಡ್ಡೀನ ದೂರದಿಂದ ಚಾಚಿ ಹಚ್ದ. ಇಡೀ ಸಾಲು ನಕ್ಕಿತ್ತು."

ಕಿಟಕಿಯ ಹೊರಗೆ ಒಬ್ಬರಲ್ಲ, ನಾಲ್ಕಾರು ಜನ ಒಟ್ಟಿಗೆ "ಹೌದು, ಹೌದು" ಎಂದರು. ಸದ್ದು ಮಾಡಬೇಡಿ ಎಂದು ಗದರಬೇಕಾದ ನಾನೇ ನಗುತ್ತಿದ್ದೆ. ಬೆಂಚಿನ ಮೇಲೆ ಅಜ್ಜಿ ಮಾತ್ರ ಗಂಭೀರವಾಗಿದ್ದರು.

ಪಾಟೀಸವಾಲಿಗೆ ಸರ್ಕಾರಿ ಜೂನಿಯರ್ ಎದ್ದ. ಪುರುಡಿನ ಲೆಕ್ಕ ಕೇಳಿದ, ಮತಗಟ್ಟೆ ಯಾವ ಶಾಲೆಯಲ್ಲಿತ್ತೆಂದು ಕೇಳಿದ. ಆಕೆ ಎಲ್ಲೂ ಸಿಕ್ಕಿಬೀಳಲಿಲ್ಲ. ಆಮೇಲೆ ತನ್ನ ಸೀನಿಯರ್ ಬರೆದುಕೊಟ್ಟಿದ್ದ ಕಾಗದ ನೋಡುತ್ತಾ ತಮಿಳಿನಲ್ಲಿ ಕೇಳಿದ: "ನಿಮ್ಮ ಮಗಳೂ ಕೊಲಂಬೊದಲ್ಲಿದ್ದಾಳಲ್ಲವೇ? ಅವಳ ಮೊದಲ ಹೆರಿಗೆ ಎಲ್ಲಾಯಿತು?"

ಆಕೆ ನನ್ನ ಕಡೆ ನೋಡಿದರು. ಬಾಗಿಲಲ್ಲಿದ್ದ ಯಜಮಾನರು ನೆಟ್ಟಗಾದರು. ನಾನು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ.

"ಇದನ್ನು ನಾನು ಕೇಳುವುದಿಲ್ಲ, ಬರೆಯುವುದೂ ಇಲ್ಲ. ಆಜ್ಞೆ ಇದೆ" ಎಂದೆ.

"ನನ್ನ ಪ್ರಶ್ನೆಯನ್ನಾದರೂ ಬರೆದುಕೊಳ್ಳಿ."

"ಪ್ರಶ್ನೆ ಬರೆದರೆ ಅರ್ಧ ಉತ್ತರ ಬರೆದ ಹಾಗೆ. ಬರೆಯುವುದಿಲ್ಲ."

"ನಾನು ನ್ಯಾಯಮೂರ್ತಿಗಳಿಗೆ ದೂರು ಕೊಡುತ್ತೇನೆ."

"ಧಾರಾಳವಾಗಿ ಕೊಡಿ."

ಸತ್ಯವನ್ನು ಬರೆಯಲು ಹೋದವನು ಒಂದು ಸತ್ಯಕ್ಕೆ ಬಾಗಿಲು ಹಾಕುತ್ತಿದ್ದೇನೆಯೇ ಎಂದು ನನಗೂ ಅನ್ನಿಸಿತು. ಆದರೆ ಆ ಇನ್ನೊಂದು ಮಗುವಿನ ಪರವಾಗಿ ಮಾತಾಡಲು ಅಲ್ಲಿ ಯಾವ ವಕೀಲರೂ ಇರಲಿಲ್ಲ. ಅದರ ಬೆನ್ನ ಹಿಂದೆ ಅದರ ಊರು ತೀರ್ಮಾನಿಸುವುದು ನ್ಯಾಯ ಎಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಜೂನಿಯರ್ ಕಾಗದ ಮಡಚಿ, "ಬೇರೆ ಪ್ರಶ್ನೆಗಳಿಲ್ಲ" ಎಂದು ಕುಳಿತ. ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತರು. ನಾನು ಇಡೀ ಹೇಳಿಕೆಯನ್ನು ಓದಿ ಮುಗಿಸುವವರೆಗೆ ಏಳಲಿಲ್ಲ. "ಕೈನಾಟು ಹಾಕು" ಎಂದು ಹೆಂಡತಿಗೆ ಹೇಳಿದವರು ಅವರೇ.

ದೂರು ಹೋಯಿತು. ಕಮಿಷನರ್ ಮಾಡಿದ್ದು ಸರಿ ಎಂದರು ನ್ಯಾಯಮೂರ್ತಿಗಳು. ಕೆಲವು ವಾರಗಳ ಮೇಲೆ ತೀರ್ಪು ಬಂತು. ಮತದಾನದ ದಿನ ಯಾವುದೆಂದು ಸರ್ಕಾರದ್ದೇ ದಾಖಲೆಯಲ್ಲಿದೆ, ಪುರುಡಿನಲ್ಲಿದ್ದ ಮುದುಕಿ ಅಂದು ಸಾರ್ವಜನಿಕವಾಗಿ ಹೇಳಿದ್ದನ್ನು ನಂಬದಿರಲು ಕಾರಣವಿಲ್ಲ, ಹುಡುಗಿ ಮದ್ರಾಸಿನಲ್ಲಿ ಹುಟ್ಟಿದವಳು, ಹುಟ್ಟಿನಿಂದಲೇ ಈ ದೇಶದ ಪ್ರಜೆ, ದೇಶ ಬಿಡಬೇಕೆಂಬ ಆಜ್ಞೆ ರದ್ದು. ಎಲ್ಲ ಇಂಗ್ಲಿಷಿನಲ್ಲಿ. ಯಜಮಾನರು ಅಂದು ಮೊದಲ ಬಾರಿಗೆ ಹೈಕೋರ್ಟಿನೊಳಗೆ ಬಂದು ಕಂಬದ ಪಕ್ಕ ನಿಂತಿದ್ದರು. ನಾನು ಹೊರಗೆ ಬಂದು, ಹುಡುಗಿ ಹೋಗಬೇಕಾಗಿಲ್ಲ ಎಂದೆ.

"ಕೋಟೆಯವರು ಸೋತ್ರಾ?"

"ಸೋತರು."

"ಇಷ್ಟು ಹತ್ತಿರದಲ್ಲಿದ್ರೂವಾ?" ಎಂದು ಕೇಳಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡದ್ದು ಬೆವರು ಮಾತ್ರ ಅಲ್ಲ.

ಆ ಸಂಜೆ ನನ್ನನ್ನೂ ಕರೆದಿದ್ದರು. ಕಮಿಷನ್ ಮುಗಿದಿದ್ದರಿಂದ ಹೋಗಲು ಅಡ್ಡಿಯಿರಲಿಲ್ಲ. ಅಜ್ಜಿಯ ಮನೆ ತುಂಬ ಜನ, ಅಡುಗೆಮನೆಯಿಂದ ಪಾಯಸದ ವಾಸನೆ. ಇನ್ನಾದರೂ ಕೋರ್ಟಿನ ಮೇಲೆ ನಂಬಿಕೆ ಬಂತಾ ಅಜ್ಜಿ ಎಂದು ಕೇಳಿದೆ.

"ನಂಬೋಕೇನೈತೆ? ಅವಳು ಇಲ್ಲಿ ಹುಟ್ಟಿದ್ದು ನಂಗೆ ಮೊದಲೇ ಗೊತ್ತಿತ್ತು. ಅವರಿಗೆ ಗೊತ್ತಾಗೋಕೆ ಇಷ್ಟು ದಿನ ಹಿಡೀತು," ಎಂದರು ಅಜ್ಜಿ. ಆಮೇಲೆ, "ಆದ್ರೂ ಕೇಳಿಸ್ಕೊಂಡ್ರು. ಅದನ್ನ ಇಲ್ಲ ಅನ್ನಲ್ಲ" ಎಂದು ಸೇರಿಸಿದರು.

ಹುಡುಗಿ ಪಾಯಸದ ಲೋಟ ಹಿಡಿದು ಯಜಮಾನರ ಹೆಂಡತಿಯ ಪಕ್ಕ ಕುಳಿತಿದ್ದಳು. ಇದ್ದಕ್ಕಿದ್ದಂತೆ ಮೆಲ್ಲನೆ ಕೇಳಿದಳು: "ಅತ್ತೇ, ಎನ್ನೈ ಪಾತ್ತುಟ್ಟು ಅಮ್ಮಾ ಎನ್ನ ಸೊನ್ನಾಂಗ?" ನನ್ನನ್ನು ನೋಡಿ ಅಮ್ಮ ಏನಂದಳು?

ಅಷ್ಟು ದಿನಗಳ ಸಾಕ್ಷ್ಯದಲ್ಲಿ ಹುಡುಗಿಯ ವಕೀಲರಾಗಲಿ, ಸರ್ಕಾರದವರಾಗಲಿ, ನಾನಾಗಲಿ ಕೇಳದೆ ಬಿಟ್ಟ ಪ್ರಶ್ನೆ ಅದು.

ಆಕೆ ಕೈ ಒರೆಸಿಕೊಂಡು ಹುಡುಗಿಯ ತಲೆಯ ಮೇಲಿಟ್ಟರು.

"ಎರೆದು ಒರೆಸಿ ನಿನ್ನನ್ನ ಅವಳ ಮಗ್ಗುಲಿಗೆ ಮಲಗಿಸ್ದೆ. ಬಹಳ ಹೊತ್ತು ನೋಡಿದ್ಲು. ಆಮೇಲೆ, 'ಅಕ್ಕಾ, ಆ ಊರಿಗೆ ನಾನು ಹೋಗ್ಲೇಬೇಕು, ಇವಳನ್ನಾದ್ರೂ ಇಲ್ಲೇ ಇಟ್ಕೊಳ್ಳಕ್ಕಾ' ಅಂದ್ಲು. ಬಾಣಂತಿ ಮಾತು ಅಂತ ನಾನು ನಕ್ಕುಬಿಟ್ಟೆ ಕಣವ್ವಾ."

ಹುಡುಗಿ ಲೋಟ ಕೆಳಗಿಟ್ಟು ಆಕೆಯ ಮಡಿಲಲ್ಲಿ ಮುಖ ಹುದುಗಿಸಿದಳು. "ನಾನ್ ಇಂಗೇಯೇ ಇರ್ಕೇನ್" ಎಂದಳು. ಇಲ್ಲೇ ಇರ್ತೀನಿ ಎಂದು. ನಾನು ಸದ್ದು ಮಾಡದೆ ಎದ್ದು ಜಗುಲಿಗೆ ಬಂದು ಕುಳಿತೆ.